ಉತ್ಸಾಹ ಇಳಿದ ಮೇಲಿನ ವ್ಯಾಯಾಮ

ಮೈ ದಣಿಸುವುದಕ್ಕೆಂದೇ ದಿನದಲ್ಲಿ ಒಂದಿಷ್ಟು ಹೊತ್ತು ಎತ್ತಿಡಬೇಕಾಗಿ ಬಂದದ್ದು ಬಹುಪಾಲು ಜನರ ಮಟ್ಟಿಗೆ ತೀರ ಇತ್ತೀಚಿನ ಸಂಗತಿ. ಉಳುವವರು, ನಾಟಿ ಹಾಕುವವರು, ಬಾವಿಯಿಂದ ನೀರು ಸೇದುವವರು, ರಾಗಿ ಬೀಸುವವರು ವ್ಯಾಯಾಮದ ಬಗ್ಗೆ ಯೋಚಿಸಬೇಕಿರಲಿಲ್ಲ. ಪೈಲ್ವಾನರು, ಸೈನಿಕರು, ಯೋಗಾಭ್ಯಾಸಿಗಳಂಥ ಕೆಲವರನ್ನು ಬಿಟ್ಟರೆ ಉಳಿದವರಿಗೆ ಈ ವಿಷಯದಲ್ಲಿ ಶಿಸ್ತಾಗಲಿ ಪ್ರೇರಣೆಯಾಗಲಿ ಬೇಕಾಗುತ್ತಿರಲಿಲ್ಲ. ಹೊಟ್ಟೆಪಾಡೇ ಸಾಕಷ್ಟು ದಣಿಸುತ್ತಿತ್ತು. ಆ ದಣಿವು ಮೈಗೆ ಒಳ್ಳೆಯದೆಂಬುದಕ್ಕೆ ವೈದ್ಯವಿಜ್ಞಾನದ ಮೊದಲ ದೊಡ್ಡ ಸಾಕ್ಷ್ಯ ಸಿಕ್ಕಿದ್ದು ಲಂಡನ್ನಿನ ಬಸ್ಸುಗಳಲ್ಲಿ. ಜೆರ್ರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದಿನವಿಡೀ ಕುಳಿತೇ ಇರುತ್ತಿದ್ದ ಚಾಲಕರಿಗಿಂತ ಡಬಲ್ ಡೆಕ್ಕರ್ ಬಸ್ಸಿನ ಮೆಟ್ಟಿಲು ಹತ್ತಿಳಿಯುತ್ತಿದ್ದ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆಯಿತ್ತು. ಬಂದರೂ ಅದು ಅಷ್ಟು ಮಾರಕವಾಗಿರುತ್ತಿರಲಿಲ್ಲ. ಆ ಕಂಡಕ್ಟರುಗಳು ಆರೋಗ್ಯದ ಆಸೆಯಿಂದ ಮೆಟ್ಟಿಲು ಹತ್ತಿದವರಲ್ಲ. ಟಿಕೆಟ್ ಹರಿಯಲು ಹತ್ತಿದವರು.

ದುಡಿಮೆಯಿಂದ ಮೈಯ ಚಲನೆ ಕಳಚಿಕೊಂಡ ಮೇಲೆ ಅದನ್ನು ಬೇರೆ ಕಡೆಯಿಂದ ತಂದು ತುಂಬಿಸಬೇಕಾಯಿತು. ಎಷ್ಟು ತುಂಬಿಸಬೇಕು ಎಂಬುದರಲ್ಲಿ ಗೊಂದಲವೇನೂ ಇಲ್ಲ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ಮಧ್ಯಮ ಶ್ರಮವನ್ನೋ, 75ರಿಂದ 150 ನಿಮಿಷ ಓಟದಂಥ ಕಠಿಣ ಶ್ರಮವನ್ನೋ ಮಾಡಬೇಕು, ಜತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ತರುವ ವ್ಯಾಯಾಮ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಆದರೆ 2022ರಲ್ಲಿ ಜಗತ್ತಿನ ವಯಸ್ಕರಲ್ಲಿ ಶೇ 31ರಷ್ಟು ಮಂದಿ ಇದರ ಕನಿಷ್ಠ ಮಟ್ಟವನ್ನೂ ಮುಟ್ಟಿರಲಿಲ್ಲ. ಭಾರತದಲ್ಲಿ ಈ ಪ್ರಮಾಣ ಹತ್ತಿರಹತ್ತಿರ ಅರ್ಧ. 2000ನೇ ಇಸವಿಯಲ್ಲಿ ಅದು ಕಾಲು ಭಾಗಕ್ಕೂ ಕಡಿಮೆಯಿತ್ತು.

ಈ ಅರ್ಧದಷ್ಟು ಜನರಿಗೆ ವ್ಯಾಯಾಮ ಒಳ್ಳೆಯದೆಂದು ಗೊತ್ತಿಲ್ಲವೆಂದಲ್ಲ. ಮನಸ್ಸಿಲ್ಲವೆಂದೂ ಅಲ್ಲ. ಮಾಡಬೇಕೆಂದು ನಿಜವಾಗಿ ನಿಶ್ಚಯಿಸಿಕೊಂಡವರಲ್ಲೂ ಸರಿಸುಮಾರು ಅರ್ಧ ಮಂದಿ ಅದನ್ನು ನಡೆಸುವುದಿಲ್ಲ ಎಂಬುದು ಈ ಕ್ಷೇತ್ರದ ಸಂಶೋಧನೆಗಳಲ್ಲಿ ಮತ್ತೆಮತ್ತೆ ಕಾಣುವ ಫಲಿತಾಂಶ. ನಿಶ್ಚಯ ಮತ್ತು ನಡೆಗಳ ನಡುವಿನ ಈ ಕಂದಕಕ್ಕೆ ಒಂದು ಕಾರಣ ವ್ಯಾಯಾಮದ ಲೆಕ್ಕಾಚಾರದಲ್ಲೇ ಇದೆ. ಅದರ ಖರ್ಚು ಇವತ್ತಿನದು, ಲಾಭ ವರ್ಷಗಳಾಚೆಯದು. ಬೆಳಗಿನ ನಿದ್ದೆ, ಮೈಕೈ ನೋವು, ಬೆವರು ಎಲ್ಲವೂ ಈಗಲೇ ಅನುಭವಕ್ಕೆ ಬರುತ್ತವೆ. ಬಾರದೇ ಹೋದ ಸಕ್ಕರೆ ಕಾಯಿಲೆ ಯಾರ ಅನುಭವಕ್ಕೂ ಬರುವುದಿಲ್ಲ. ಹಾರ್ವರ್ಡಿನ ಮಾನವ ವಿಕಾಸ ತಜ್ಞ ಡೇನಿಯಲ್ ಲೀಬರ್ಮನ್ ಇನ್ನೂ ಹಿಂದಕ್ಕೆ ಹೋಗಿ ಕಾರಣ ಹುಡುಕುತ್ತಾರೆ. ಆಹಾರ ದುರ್ಲಭವಾಗಿದ್ದ ಕಾಲದಲ್ಲಿ ರೂಪುಗೊಂಡ ದೇಹ ಅನಗತ್ಯ ಶ್ರಮವನ್ನು ತಪ್ಪಿಸಿಕೊಳ್ಳಲು ನೋಡುವುದು ಸಹಜ, ಹಾಗಾಗಿ ವ್ಯಾಯಾಮಕ್ಕೆ ಮೈಗಳ್ಳತನ ತೋರುವವರನ್ನು ಸೋಮಾರಿಗಳೆಂದು ಜರೆಯುವುದು ಸರಿಯಲ್ಲ ಎಂಬುದು ಅವರ ವಾದ. ಸೋಮಾರಿತನಕ್ಕೆ ಇಷ್ಟು ಗೌರವಾನ್ವಿತ ವಂಶಾವಳಿ ಬೇರೆಲ್ಲೂ ಸಿಗಲಾರದು. ಆದರೆ ವಾದದಲ್ಲಿ ಹುರುಳಿದೆ.

ಮನುಷ್ಯರು ತಮ್ಮ ನಾಳೆಯ ಶಿಸ್ತನ್ನು ಎಷ್ಟು ದೊಡ್ಡದಾಗಿ ಅಂದಾಜು ಮಾಡುತ್ತಾರೆ ಎಂಬುದಕ್ಕೆ ಅರ್ಥಶಾಸ್ತ್ರಜ್ಞರ ಬಳಿ ಲೆಕ್ಕವಿದೆ. ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಅಮೆರಿಕದ ಮೂರು ಜಿಮ್‌ಗಳ 7,752 ಸದಸ್ಯರ ಹಾಜರಿಯನ್ನು ಪರಿಶೀಲಿಸಿ 2006ರಲ್ಲಿ ಒಂದು ಪ್ರಬಂಧ ಬರೆದರು. ತಿಂಗಳಿಗೆ 70 ಡಾಲರಿಗೂ ಹೆಚ್ಚು ಕಟ್ಟಿದವರು ಸರಾಸರಿ 4.3 ಬಾರಿ ಮಾತ್ರ ಹೋಗುತ್ತಿದ್ದರು. ಅಂದರೆ ಒಂದು ಭೇಟಿಗೆ 17 ಡಾಲರಿಗಿಂತ ಹೆಚ್ಚು ತೆತ್ತಂತಾಯಿತು. ಹತ್ತು ಭೇಟಿಯ ಪಾಸು ಕೊಂಡಿದ್ದರೆ ಪ್ರತಿ ಭೇಟಿಗೆ 10 ಡಾಲರಿನಲ್ಲಿ ಮುಗಿಯುತ್ತಿತ್ತು. ಹಣ ಕಟ್ಟುವ ದಿನ ಅವರು ಸುಳ್ಳು ಹೇಳಿರಲಿಲ್ಲ. ಆ ದಿನದ ಹುಮ್ಮಸ್ಸು ಮುಂದಿನ ತಿಂಗಳುಗಳಲ್ಲೂ ಹಾಗೇ ಇರುತ್ತದೆಂದು ನಂಬಿದ್ದರು.

ಹುಮ್ಮಸ್ಸು ಯಾವಾಗ ಏರುತ್ತದೆ ಎಂಬುದನ್ನಂತೂ ಬಹುಮಟ್ಟಿಗೆ ಮುಂಚಿತವಾಗಿಯೇ ಹೇಳಬಹುದು. ಹೆಂಗ್‌ಚೆನ್ ಡೈ, ಕೇಟಿ ಮಿಲ್ಕ್‌ಮನ್ ಮತ್ತು ಜೇಸನ್ ರೀಸ್ 2014ರಲ್ಲಿ ತೋರಿಸಿದಂತೆ ವಾರದ ಆರಂಭ, ತಿಂಗಳ ಆರಂಭ, ಹೊಸ ವರ್ಷ, ಹೊಸ ಸೆಮಿಸ್ಟರ್, ಹುಟ್ಟುಹಬ್ಬದ ಮರುದಿನಗಳಲ್ಲಿ ಜಿಮ್ ಹಾಜರಿ ಏರುತ್ತದೆ. ಹಳೆಯ ಸೋಲುಗಳನ್ನು ಹಿಂದಿನ ಲೆಕ್ಕಕ್ಕೆ ಹಾಕಿ ಹೊಸ ಖಾತೆ ತೆರೆಯಲು ಇಂಥ ದಿನಗಳು ಅವಕಾಶ ಕೊಡುತ್ತವೆ. ಯುಗಾದಿಯಂದು ಸಂಕಲ್ಪ ಮಾಡುವ ಮನಸ್ಸಿಗೂ ಜನವರಿಯಲ್ಲಿ ಹೊಸ ಶೂ ಕೊಳ್ಳುವ ಮನಸ್ಸಿಗೂ ಇಲ್ಲಿ ಭೇದವಿಲ್ಲ. ಏರಿದ ಹುಮ್ಮಸ್ಸು ಇಳಿಯುವುದು ಕೂಡ ಅಷ್ಟೇ ಸಹಜ. ಆದ್ದರಿಂದ ಪ್ರೇರಣೆಯನ್ನು ಸದಾ ಉರಿಯುವಂತೆ ಇಟ್ಟುಕೊಳ್ಳಬೇಕೆಂಬ ಉಪದೇಶ ಕೈಗೂಡುವಂಥದ್ದಲ್ಲ. ಅದು ಉರಿಯುತ್ತಿರುವ ಕೆಲವು ವಾರಗಳಲ್ಲಿ ಏನನ್ನು ಕಟ್ಟಿಕೊಳ್ಳಬಹುದು, ಎಂಥ ಪ್ರೇರಣೆ ಹೆಚ್ಚು ಕಾಲ ಬಾಳುತ್ತದೆ ಎಂಬ ಪ್ರಶ್ನೆಗಳಿಂದ ಹೆಚ್ಚು ಉಪಯೋಗವಿದೆ.

ಎರಡನೆಯ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ಮುಖ್ಯರು ರಾಚೆಸ್ಟರ್ ವಿಶ್ವವಿದ್ಯಾಲಯದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್. ಅವರ ಸಿದ್ಧಾಂತದಲ್ಲಿ ಪ್ರೇರಣೆ ಇದೆಯೋ ಇಲ್ಲವೋ ಎನ್ನುವುದಕ್ಕಿಂತ ಅದು ಎಲ್ಲಿಂದ ಬಂದಿದೆ ಎಂಬುದು ದೊಡ್ಡದು. ಡಾಕ್ಟರು ಗದರಿದ್ದಕ್ಕೆ ನಡೆಯುವವರು, ಮದುವೆಯ ಫೋಟೊದಲ್ಲಿ ತೆಳ್ಳಗೆ ಕಾಣಲು ಓಡುವವರು, ಮೊಮ್ಮಕ್ಕಳನ್ನು ಎತ್ತಿಕೊಳ್ಳುವ ಶಕ್ತಿ ಉಳಿಯಲೆಂದು ಬಸ್ಕಿ ಹೊಡೆಯುವವರು, ಈಜುವುದೇ ಖುಷಿ ಎಂದು ಈಜುವವರು ಒಂದೇ ಸಾಲಿನಲ್ಲಿ ಹೊರಗಿನಿಂದ ಒಳಗಿನತ್ತ ಬೇರೆಬೇರೆ ಬಿಂದುಗಳಲ್ಲಿ ನಿಂತಿರುತ್ತಾರೆ. ವ್ಯಾಯಾಮದ ಬಗ್ಗೆ ಈ ಸಿದ್ಧಾಂತದ ಆಧಾರದಲ್ಲಿ ನಡೆದ 66 ಅಧ್ಯಯನಗಳನ್ನು 2012ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ ಒಂದು ಕುತೂಹಲದ ವಿಂಗಡಣೆ ಕಂಡಿತು. ವ್ಯಾಯಾಮದ ಲಾಭವನ್ನು ಮನಗಂಡು ಅದು ತನಗೆ ಮುಖ್ಯವೆಂದು ಒಪ್ಪಿಕೊಂಡಿರುವುದು ಆರಂಭದ ಹಂತಕ್ಕೆ ಹೆಚ್ಚು ನೆರವಾಗುತ್ತದೆ. ವರ್ಷಗಟ್ಟಲೆ ಮುಂದುವರಿಯಲು ಮಾಡುವ ಕೆಲಸದಲ್ಲೇ ಸಿಗುವ ಸಂತೋಷ ಬೇಕಾಗುತ್ತದೆ. ತಪ್ಪಿತಸ್ಥ ಭಾವ, ನಾಚಿಕೆ, ಇನ್ನೊಬ್ಬರ ಒತ್ತಾಯಗಳು ಕೆಲವು ದಿನ ಓಡಿಸಿದರೂ ದೂರ ಕರೆದೊಯ್ಯುವುದಿಲ್ಲ.

ಒಬ್ಬರಲ್ಲೇ ಈ ಪ್ರೇರಣೆ ಕಾಲಕ್ರಮದಲ್ಲಿ ಬದಲಾಗಬಹುದು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯಗಳಿಂದ ಬಳಲಿದವರು. 1934ರಲ್ಲಿ ಅವರು ಮೈಸೂರಿಗೆ ಬಂದು ಭಾವ ತಿರುಮಲೈ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತದ್ದರ ಹಿಂದೆ ಆರೋಗ್ಯ ಸುಧಾರಿಸಲೆಂಬ ಆಸೆ ಇತ್ತು, ಗುರುವಿನ ಕಟ್ಟುನಿಟ್ಟೂ ಇತ್ತು. ತೊಂಬತ್ತು ದಾಟಿದ ಮೇಲೂ ಅವರು ಅಭ್ಯಾಸ ಬಿಡಲಿಲ್ಲ. ಆ ವಯಸ್ಸಿನಲ್ಲಿ ಗದರಿಸುವವರು ಯಾರೂ ಉಳಿದಿರಲಿಲ್ಲ. ಪಂಜಾಬಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ಫೌಜಾ ಸಿಂಗ್ ಎಂಬತ್ತು ದಾಟಿದ ಮೇಲೆ ಓಟವನ್ನು ಗಂಭೀರವಾಗಿ ಹಿಡಿದದ್ದು ಮಡದಿ ಮತ್ತು ಮಗನನ್ನು ಕಳೆದುಕೊಂಡ ದುಃಖದಿಂದ ಹೊರಬರಲು. 2000ದಲ್ಲಿ ಲಂಡನ್ ಮ್ಯಾರಥಾನ್ ಓಡಿದ ಅವರು 2011ರಲ್ಲಿ, ನೂರು ವರ್ಷದವರೆಂಬ ಹೆಗ್ಗಳಿಕೆಯೊಂದಿಗೆ, ಟೊರಾಂಟೊ ಮ್ಯಾರಥಾನನ್ನು 8 ಗಂಟೆ 11 ನಿಮಿಷದಲ್ಲಿ ಮುಗಿಸಿದರು. ದುಃಖದಿಂದ ಆರಂಭವಾದದ್ದು ಅಷ್ಟು ಹೊತ್ತಿಗೆ ಬೇರೆಯೇ ಆಗಿತ್ತು.

ಸಂತೋಷ ಬೇಕು ಎನ್ನುವುದು ಸುಲಭ. ದಣಿವಿನಲ್ಲಿ ಅದು ಎಲ್ಲಿಂದ ಬರಬೇಕು? ಪಂಟೆಲೀಮಾನ್ ಎಕೆಕಾಕಿಸ್ ಅವರಂಥ ಸಂಶೋಧಕರು ಈ ಪ್ರಶ್ನೆಯನ್ನು ಶ್ರಮದ ತೀವ್ರತೆಗೆ ಜೋಡಿಸಿದರು. ಉಸಿರು ಸಲೀಸಾಗಿದ್ದು ಮಾತಾಡಲು ಸಾಧ್ಯವಿರುವ ಮಟ್ಟದ ಶ್ರಮ ಹೆಚ್ಚಿನವರಿಗೆ ಹಿತವೆನಿಸುತ್ತದೆ. ಏದುಸಿರು ಬಂದು ಮಾತು ತುಂಡಾಗುವ ಮಟ್ಟ ದಾಟಿದೊಡನೆ ಹೆಚ್ಚುಕಡಿಮೆ ಎಲ್ಲರಿಗೂ ಹಿತ ಕುಸಿಯುತ್ತದೆ. ವ್ಯಾಯಾಮದ ನಡುವೆ ಒಳ್ಳೆಯದೆನಿಸಿದವರು ತಿಂಗಳುಗಳ ನಂತರವೂ ಅದನ್ನು ಮುಂದುವರಿಸಿರುವ ಸಾಧ್ಯತೆ ಹೆಚ್ಚು. ಹೊಸಬರನ್ನು ಮೊದಲ ವಾರವೇ ಮೈ ನುಜ್ಜಾಗುವಂತೆ ದುಡಿಸುವ ತರಬೇತುದಾರರು ಗಮನಿಸಬೇಕಾದ ವಿಷಯವಿದು. ವಾಗ್ಭಟನ ಅಷ್ಟಾಂಗ ಹೃದಯ ಬಲಿಷ್ಠರಿಗೂ ಅರ್ಧ ಶಕ್ತಿಯಷ್ಟೇ ವ್ಯಾಯಾಮ ಮಾಡಲು ಹೇಳುತ್ತದೆ. ಸುಶ್ರುತ ಸಂಹಿತೆಯಲ್ಲೂ ಇದೇ ಅರ್ಧದ ಮಿತಿ ಇದೆ. ಹಣೆ, ಕಂಕುಳಲ್ಲಿ ಬೆವರು ಮೂಡಿ ಬಾಯಿ ಒಣಗುವುದನ್ನು ಆ ಮಿತಿಯ ಗುರುತಾಗಿ ಆಯುರ್ವೇದದವರು ಹೇಳುತ್ತಾರೆ. ಆಧುನಿಕ ಪ್ರಯೋಗಶಾಲೆಯ ಅಳತೆ ಇದಕ್ಕಿಂತ ನಿಖರ, ನಿಜ. ಮನೆಯಲ್ಲಿ ಬಳಸಲು ಹಳೆಯ ಅಳತೆಯೇ ಅನುಕೂಲ.

ಇನ್ನು ಶಿಸ್ತು. ಹಲ್ಲು ಕಚ್ಚಿ ಮನಸ್ಸನ್ನು ಬಗ್ಗಿಸುವ ಶಕ್ತಿ ಎಂಬ ಅರ್ಥದಲ್ಲೇ ಈ ಮಾತು ಹೆಚ್ಚಾಗಿ ಬಳಕೆಯಾಗುತ್ತದೆ. ಇಚ್ಛಾಶಕ್ತಿ ಬಳಸಿದಷ್ಟೂ ಬರಿದಾಗುವ ದಾಸ್ತಾನು ಎಂಬ ಕಲ್ಪನೆಯನ್ನು ರಾಯ್ ಬೌಮೀಸ್ಟರ್ ಮತ್ತು ಸಂಗಡಿಗರು 1998ರಲ್ಲಿ ಮುಂದಿಟ್ಟರು. ಬಿಸಿ ಬಿಸ್ಕತ್ತುಗಳ ಎದುರು ಕುಳಿತು ಬರೀ ಮೂಲಂಗಿ ತಿನ್ನಬೇಕಾದವರು ಆಮೇಲೆ ಕೊಟ್ಟ ಒಗಟನ್ನು ಬೇಗ ಕೈಬಿಟ್ಟರು ಎಂಬುದು ಅವರ ಪ್ರಸಿದ್ಧ ಪ್ರಯೋಗ. ಸುಮಾರು ಎರಡು ದಶಕ ಈ ಕಲ್ಪನೆ ಮೆರೆಯಿತು. 2016ರಲ್ಲಿ 23 ಪ್ರಯೋಗಶಾಲೆಗಳು ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಇದೇ ಕಲ್ಪನೆಯನ್ನು ಒಟ್ಟಾಗಿ ಪರೀಕ್ಷಿಸಿದಾಗ ಪರಿಣಾಮ ಹೆಚ್ಚುಕಡಿಮೆ ಶೂನ್ಯಕ್ಕೆ ಇಳಿಯಿತು. ವಾದ ಇನ್ನೂ ಪೂರ್ತಿ ಮುಗಿದಿಲ್ಲ. ಆದರೂ ಆ ದಾಸ್ತಾನಿನ ಚಿತ್ರ ಮೊದಲಿನಷ್ಟು ಗಟ್ಟಿಯಾಗಿ ಉಳಿದಿಲ್ಲ.

ಅದಕ್ಕಿಂತ ಹೆಚ್ಚು ಕಲಿಸುವುದು ವಿಲ್ಹೆಲ್ಮ್ ಹಾಫ್‌ಮನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ. ಜರ್ಮನಿಯಲ್ಲಿ ಸುಮಾರು ಇನ್ನೂರು ವಯಸ್ಕರಿಗೆ ಒಂದು ವಾರ ಕಾಲ ಆಗಾಗ ಸಂದೇಶ ಕಳಿಸಿ, ಆ ಗಳಿಗೆಯಲ್ಲಿ ಯಾವ ಆಸೆ ಕಾಡುತ್ತಿದೆ, ಅದನ್ನು ತಡೆಯುತ್ತಿದ್ದೀರಾ ಎಂದು ಕೇಳಲಾಯಿತು. ಸ್ವನಿಯಂತ್ರಣದಲ್ಲಿ ಮುಂದಿದ್ದವರು ಆಸೆಗಳೊಡನೆ ಹೆಚ್ಚು ಹೋರಾಡುತ್ತಿರಬೇಕು ಎಂದು ಯಾರಾದರೂ ಊಹಿಸುತ್ತಾರೆ. ಕಂಡದ್ದು ತದ್ವಿರುದ್ಧ: ಅವರಿಗೆ ಹೋರಾಟಗಳೇ ಕಡಿಮೆ ಇದ್ದವು. ಬ್ರಯನ್ ಗಲ್ಲಾ ಮತ್ತು ಆ್ಯಂಜೆಲಾ ಡಕ್‌ವರ್ತ್ 2015ರಲ್ಲಿ ಇದಕ್ಕೆ ವಿವರಣೆ ಸೇರಿಸಿದರು. ಇಂಥವರ ಓದು, ನಿದ್ದೆ, ವ್ಯಾಯಾಮಗಳು ರೂಢಿಯಾಗಿಬಿಟ್ಟಿರುತ್ತವೆ, ಪ್ರತಿ ಬಾರಿ ತೀರ್ಮಾನ ಕೈಗೊಳ್ಳುವ ಗೋಜೇ ಇರುವುದಿಲ್ಲ. ಶಿಸ್ತಿನವರೆಂದು ಹೆಸರಾದವರನ್ನು ಹತ್ತಿರದಿಂದ ನೋಡಿದರೆ ಅವರ ದಿನದಲ್ಲಿ ವೀರಾವೇಶಕ್ಕಿಂತ ಏರ್ಪಾಡು ಹೆಚ್ಚು. ರಾತ್ರಿಯೇ ಬಾಗಿಲ ಬಳಿ ಇಟ್ಟ ಶೂ, ಮನೆಗೂ ಆಫೀಸಿಗೂ ನಡುವಿನ ದಾರಿಯಲ್ಲೇ ಸಿಗುವ ಜಿಮ್, ಹತ್ತು ಗಂಟೆಗೆ ದೀಪ ಆರಿಸುವ ಮನೆ, ಇಂಥವೇ.

ರೂಢಿ ಕೂರಲು 21 ದಿನ ಸಾಕು ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಅದರ ಮೂಲ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದ ಪುಸ್ತಕ. ಶಸ್ತ್ರಚಿಕಿತ್ಸೆಯ ನಂತರ ರೋಗಿಗಳು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ ಸುಮಾರು 21 ದಿನ ಬೇಕಾಗುತ್ತದೆಂದು ಅವರು ಗಮನಿಸಿದ್ದರು. ಬಾಯಿಂದ ಬಾಯಿಗೆ ಹೋಗುತ್ತಾ ‘ಕನಿಷ್ಠ’ ಉದುರಿಹೋಯಿತು, ಮುಖದ ಮಾತು ಮರೆತುಹೋಯಿತು, 21 ಮಾತ್ರ ಉಳಿಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 84 ದಿನ ಹಿಂಬಾಲಿಸಿದಾಗ ಹೊಸ ನಡವಳಿಕೆ ತಾನಾಗಿ ಬರುವ ಮಟ್ಟಕ್ಕೆ ತಲುಪಲು ಬೇಕಾದ ಅವಧಿಯ ಮಧ್ಯಾಂಕ 66 ದಿನ ಎಂದು ಕಂಡುಬಂತು. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ಬದಲಾಗುತ್ತಿತ್ತು (84 ದಿನ ಮೀರಿದ್ದು ಲೆಕ್ಕಹಾಕಿದ ಅಂದಾಜು). ಊಟದ ಜತೆ ಒಂದು ಲೋಟ ನೀರು ಕುಡಿಯುವುದು ಬೇಗ ರೂಢಿಯಾಯಿತು, ವ್ಯಾಯಾಮ ನಿಧಾನವಾಯಿತು. 2023ರಲ್ಲಿ ಪ್ರಕಟವಾದ, ಮೂವತ್ತು ಸಾವಿರಕ್ಕೂ ಹೆಚ್ಚು ಜನರ ಜಿಮ್ ಹಾಜರಿ ದಾಖಲೆಗಳನ್ನು ಆಧರಿಸಿದ ಇನ್ನೊಂದು ಅಧ್ಯಯನ ಇದನ್ನೇ ಹೇಳಿತು. ಆಸ್ಪತ್ರೆ ಸಿಬ್ಬಂದಿಗೆ ಕೈ ತೊಳೆಯುವ ರೂಢಿ ಕೆಲವೇ ವಾರಗಳಲ್ಲಿ ಕೂರುತ್ತದೆ, ಜಿಮ್‌ಗೆ ಹೋಗುವ ರೂಢಿಗೆ ಸುಮಾರು ಆರು ತಿಂಗಳು ಹಿಡಿಯುತ್ತದೆ. ಜನವರಿಯ ಹುಮ್ಮಸ್ಸಿಗೂ ಜುಲೈಯ ರೂಢಿಗೂ ನಡುವೆ ಹೀಗೆ ದೊಡ್ಡ ತೆರಪಿದೆ. ಹೆಚ್ಚಿನವರು ಕೈಬಿಡುವುದು ಈ ತೆರಪಿನಲ್ಲೇ. ಶಿಸ್ತಿನ ನಿಜವಾದ ಕೆಲಸವೂ ಇಲ್ಲೇ.

ತೆರಪನ್ನು ದಾಟಿಸಲು ನೆರವಾಗುವ ಉಪಾಯಗಳಲ್ಲಿ ತೀರ ಸರಳವಾದದ್ದು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ ಪ್ರಚಾರಕ್ಕೆ ತಂದದ್ದು. ‘ನಾಳೆಯಿಂದ ವ್ಯಾಯಾಮ ಮಾಡುತ್ತೇನೆ’ ಎಂದುಕೊಳ್ಳುವ ಬದಲು ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಎಂದು ಬರೆದಿಡುವುದು. ಬ್ರಿಟನ್ನಿನ ವಿದ್ಯಾರ್ಥಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹೃದ್ರೋಗದ ಬಗ್ಗೆ ಮನ ಕಲಕುವ ಮಾಹಿತಿ ಓದಿದವರಲ್ಲಿ ಮರುವಾರ ವ್ಯಾಯಾಮ ಮಾಡಿದವರು ಹತ್ತಕ್ಕೆ ನಾಲ್ವರಷ್ಟೂ ಇರಲಿಲ್ಲ. ಅದೇ ಮಾಹಿತಿಯ ಜತೆ ದಿನ, ವೇಳೆ, ಜಾಗ ಗೊತ್ತುಮಾಡಿಕೊಂಡವರಲ್ಲಿ ಶೇ 91ರಷ್ಟು ಮಂದಿ ಮಾಡಿದರು. ಒಂದು ವಾರದ ಮಾತಿದು ಎಂಬುದನ್ನು ಮರೆಯುವಂತಿಲ್ಲ. ವರ್ಷದ ಮಾತು ಬೇರೆ.

ವೇಳೆಗೆ ಕಟ್ಟಿಹಾಕಿಕೊಳ್ಳುವುದರಲ್ಲಿ ಒಂದು ಅಪಾಯವೂ ಇದೆ. ಗೂಗಲ್ ಕಂಪನಿಯ 2,508 ನೌಕರರ ಮೇಲೆ ನಡೆದ ಪ್ರಯೋಗದಲ್ಲಿ ಒಂದು ಗುಂಪಿಗೆ ತಾವು ಮೊದಲೇ ಆರಿಸಿಕೊಂಡ ಹೊತ್ತಿನಲ್ಲಿ ಜಿಮ್‌ಗೆ ಹೋದರೆ ಮಾತ್ರ ಹಣ ಸಿಗುತ್ತಿತ್ತು. ಇನ್ನೊಂದು ಗುಂಪಿಗೆ ಯಾವ ಹೊತ್ತಿಗೆ ಹೋದರೂ ಸಿಗುತ್ತಿತ್ತು. ಕಟ್ಟುನಿಟ್ಟಿನ ಗುಂಪೇ ಗೆಲ್ಲುತ್ತದೆಂದು ತಜ್ಞರು ಎಣಿಸಿದ್ದರು. ಹಣ ನಿಂತ ಮೇಲೆ ಹೆಚ್ಚು ಹೋದದ್ದು ಸಡಿಲ ಗುಂಪು. ಕಟ್ಟುನಿಟ್ಟಿನವರು ತಮ್ಮ ಹೊತ್ತಿಗೇನೋ ಸರಿಯಾಗಿ ಹೋಗುತ್ತಿದ್ದರು, ಆದರೆ ಆ ಹೊತ್ತು ತಪ್ಪಿದ ದಿನ ಹೋಗುತ್ತಲೇ ಇರಲಿಲ್ಲ. ಬೆಳಗಿನ ಆರು ಗಂಟೆಯ ನಡಿಗೆ ತಪ್ಪಿದರೆ ಆ ದಿನವೇ ಕೆಟ್ಟಿತೆಂದು ಸಂಜೆಯ ಒಂದು ಗಂಟೆಯನ್ನೂ ಬಿಟ್ಟುಕೊಡುವವರು ಎಲ್ಲ ಬಡಾವಣೆಗಳಲ್ಲೂ ಸಿಗುತ್ತಾರೆ. ಗೊತ್ತಾದ ವೇಳೆ ಬೇಕು; ಅದು ಕೈತಪ್ಪಿದರೆ ಎರಡನೆಯದೊಂದು ಸಿದ್ಧವಿರಬೇಕು.

ಹಣದ ಆಮಿಷ, ಸಂದೇಶ, ಆ್ಯಪ್‌ಗಳ ಬಗ್ಗೆ ಬಂದಿರುವ ದೊಡ್ಡ ಸಾಕ್ಷ್ಯಗಳಲ್ಲೊಂದು 2021ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗ. 61,293 ಜಿಮ್ ಸದಸ್ಯರ ಮೇಲೆ 54 ಬಗೆಯ ನಾಲ್ಕು ವಾರಗಳ ಕಾರ್ಯಕ್ರಮಗಳನ್ನು ಒಟ್ಟಿಗೆ ಪರೀಕ್ಷಿಸಲಾಯಿತು. ಅವುಗಳಲ್ಲಿ ಶೇ 45ರಷ್ಟು ಕಾರ್ಯಕ್ರಮಗಳು ನಡೆಯುತ್ತಿದ್ದಾಗ ಹಾಜರಿಯನ್ನು ಶೇ 9ರಿಂದ 27ರಷ್ಟು ಹೆಚ್ಚಿಸಿದವು. ಮುಗಿದ ಮೇಲೂ ಗುರುತಿಸುವಷ್ಟು ಪರಿಣಾಮ ಉಳಿಸಿದವು ಶೇ 8 ಮಾತ್ರ. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ ಉಪಾಯ ಗಮನಾರ್ಹ: ಒಂದು ದಿನ ತಪ್ಪಿಸಿಕೊಂಡವರು ಮರಳಿ ಬಂದರೆ ಅವರಿಗೆ ಪುಡಿಗಾಸಿನಷ್ಟು ಹೆಚ್ಚುವರಿ ಅಂಕ ಕೊಡುವುದು. ಬಿಡದೆ ಬಂದವರಿಗೆ ಬಹುಮಾನ ಕೊಡುವುದೇ ಜಗತ್ತಿನ ಪದ್ಧತಿ. ಇಲ್ಲಿ ಬಿಟ್ಟು ಬಂದವರನ್ನು ಕರೆದು ಕೂರಿಸಿದ್ದು ಫಲ ಕೊಟ್ಟಿತು.

ಒಬ್ಬರ ಶಿಸ್ತಿನ ಭಾರವನ್ನು ಹತ್ತು ಜನ ಹಂಚಿಕೊಳ್ಳುವ ವ್ಯವಸ್ಥೆಗಳು ಎಲ್ಲ ಆ್ಯಪ್‌ಗಳಿಗಿಂತ ಹಳೆಯವು. ಜಪಾನಿನಲ್ಲಿ 1928ರಲ್ಲಿ ಆರಂಭವಾದ ರೇಡಿಯೊ ತೈಸೊ ಎಂಬ ಕವಾಯತು, ಯುದ್ಧಾನಂತರ ಕೆಲಕಾಲ ನಿಂತು 1951ರಲ್ಲಿ ಮರಳಿ, ಇಂದಿಗೂ ಬೆಳಗ್ಗೆ ಆರೂವರೆಗೆ ಪ್ರಸಾರವಾಗುತ್ತದೆ. ಪಾರ್ಕುಗಳಲ್ಲಿ ಅಜ್ಜ ಅಜ್ಜಿಯರು ಪಿಯಾನೊ ನಾದಕ್ಕೆ ಕೈಕಾಲು ಆಡಿಸುತ್ತಾರೆ, ಬೇಸಿಗೆ ರಜೆಯಲ್ಲಿ ಬರುವ ಮಕ್ಕಳ ಕಾರ್ಡಿನ ಮೇಲೆ ಮುದ್ರೆ ಒತ್ತಲಾಗುತ್ತದೆ. ಕವಾಯತು ಕೆಲವೇ ನಿಮಿಷದ್ದು, ಹೊಸತನ ಏನೂ ಇಲ್ಲ, ಅದಕ್ಕೇ ಬಾಳಿದೆ. ಮೈಸೂರು, ದಾವಣಗೆರೆ ಮೊದಲಾದ ಊರುಗಳ ಗರಡಿ ಮನೆಗಳಲ್ಲಿ ಉಸ್ತಾದರ ಕಣ್ಣು, ಜತೆಗಾರರ ಪೈಪೋಟಿ, ಆಂಜನೇಯನ ಪಟ, ಕೆಂಪು ಮಣ್ಣು ಹದಮಾಡುವ ಪಾಳಿ ಎಲ್ಲವೂ ಸೇರಿ ಹುಡುಗರನ್ನು ಸಾಮು ಮಾಡಲು ಕರೆತರುತ್ತಿದ್ದವು. ದಸರೆಯ ಕುಸ್ತಿ ಇಡೀ ವರ್ಷಕ್ಕೆ ಗುರಿಯಾಗಿತ್ತು. ಗರಡಿ ತಪ್ಪಿಸಿದ ಹುಡುಗನನ್ನು ಮರುದಿನ ಕೇಳುವವರಿದ್ದರು. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳ ವಾಕಿಂಗ್ ಗುಂಪುಗಳಲ್ಲಿ ಇವತ್ತು ಆ ಕೆಲಸವನ್ನು ಹರಟೆ ಮತ್ತು ಕಾಫಿ ಮಾಡುತ್ತಿವೆ. ಡೆಸಿ ಮತ್ತು ರಯಾನ್ ಹೇಳುವ ಮೂರು ಮೂಲ ಅಗತ್ಯಗಳಲ್ಲಿ, ಅಂದರೆ ಸ್ವಂತ ಆಯ್ಕೆ, ಕೈಗೂಡುತ್ತಿದೆಯೆಂಬ ಭಾವ, ಇತರರೊಡನೆ ನಂಟು ಎಂಬವುಗಳಲ್ಲಿ, ಮೂರನೆಯದು ಇಲ್ಲಿ ಧಾರಾಳವಾಗಿ ಸಿಗುತ್ತದೆ.

ಮೂರೂ ಒಂದೆಡೆ ಕೂಡಿದ ಮಾದರಿಯೊಂದು ಕರ್ನಾಟಕದಲ್ಲೇ ರೂಪುಗೊಂಡು ಜಗತ್ತಿಗೆ ಹಬ್ಬಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆ ನಡೆಸಿದ ಕೃಷ್ಣಮಾಚಾರ್ಯರ ಇನ್ನೊಬ್ಬ ಶಿಷ್ಯ, ಹಾಸನದ ಕಡೆಯ ಕೆ. ಪಟ್ಟಾಭಿ ಜೋಯಿಸರು 1948ರಲ್ಲಿ ಮೈಸೂರಿನ ಲಕ್ಷ್ಮೀಪುರದಲ್ಲಿ ತಮ್ಮ ಶಾಲೆ ಆರಂಭಿಸಿದರು. ಮೈಸೂರು ಪದ್ಧತಿಯೆಂದೇ ಹೆಸರಾದ ಅವರ ತರಗತಿಯಲ್ಲಿ ಎಲ್ಲರೂ ಒಂದೇ ಆಜ್ಞೆಗೆ ಒಟ್ಟಿಗೆ ಕೈ ಎತ್ತುವುದಿಲ್ಲ. ಆಸನಗಳ ಕ್ರಮ ಮೊದಲೇ ಗೊತ್ತಾಗಿರುತ್ತದೆ. ಪ್ರತಿಯೊಬ್ಬರೂ ತಮ್ಮ ಉಸಿರಿನ ಲಯದಲ್ಲಿ ತಮ್ಮ ಪಾಲಿನದನ್ನು ಮಾಡುತ್ತಾರೆ, ಗುರು ನಡುವೆ ಓಡಾಡುತ್ತಾ ತಿದ್ದುತ್ತಾರೆ. ಒಂದು ಆಸನ ಹದಕ್ಕೆ ಬಂದ ಮೇಲೆ ಮುಂದಿನದು. ಇವತ್ತು ಏನು ಮಾಡಬೇಕೆಂದು ಬೆಳಗಿನ ನಿದ್ದೆಗಣ್ಣಿನಲ್ಲಿ ಯೋಚಿಸುವ ಅಗತ್ಯವೇ ಇಲ್ಲ. ಇದಕ್ಕಿಂತ ಮುಖ್ಯವಾಗಿ, ಶನಿವಾರ, ಅಮಾವಾಸ್ಯೆ ಮತ್ತು ಹುಣ್ಣಿಮೆಗಳಂದು ರಜೆ. ಬಿಡುವನ್ನು ನಿಯಮದೊಳಗೇ ಸೇರಿಸಿದ್ದರಿಂದ ಆ ದಿನ ಮಾಡದಿರುವುದೂ ಶಿಸ್ತಿನ ಭಾಗವೇ ಆಯಿತು. ಪತಂಜಲಿಯ ಯೋಗಸೂತ್ರ ಅಭ್ಯಾಸ ಗಟ್ಟಿಯಾಗಲು ದೀರ್ಘಕಾಲ, ಎಡೆಬಿಡದ ನಡೆ ಮತ್ತು ಆದರ ಎಂಬ ಮೂರನ್ನು ಕೇಳುತ್ತದೆ. ಮೊದಲೆರಡನ್ನು ಎಲ್ಲ ವ್ಯಾಯಾಮ ಪುಸ್ತಕಗಳೂ ಹೇಳುತ್ತವೆ. ಮಾಡುವ ಕೆಲಸದ ಮೇಲಿನ ಆದರವನ್ನು ಪಟ್ಟಿಗೆ ಸೇರಿಸಿದವರು ಕಡಿಮೆ.

ದೇಹದ ಕಡೆಯಿಂದ ನೋಡಿದರೆ ನಿರಂತರತೆಗೆ ಇಷ್ಟು ಒತ್ತು ಏಕೆಂಬುದು ತಿಳಿಯುತ್ತದೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತು ವರ್ಷದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಲಾಯಿತು. ಶ್ರಮದ ವೇಳೆ ದೇಹ ಆಮ್ಲಜನಕ ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯ ಅಷ್ಟರಲ್ಲೇ ಕಾಲು ಭಾಗಕ್ಕೂ ಹೆಚ್ಚು ಕುಸಿಯಿತು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಮತ್ತೆ ಅಳೆದಾಗ, ಮೂರು ದಶಕಗಳ ಮುಪ್ಪು ಮಾಡಿದ ನಷ್ಟ ಆ ಮೂರು ವಾರಗಳ ನಷ್ಟಕ್ಕಿಂತ ಕಡಿಮೆಯಿತ್ತು. ಆಮೇಲೆ ಆರು ತಿಂಗಳು ನಡಿಗೆ, ಜಾಗಿಂಗ್, ಸೈಕಲ್‌ಗಳ ನಿಧಾನ ತರಬೇತಿ ಕೊಟ್ಟಾಗ ವಯಸ್ಸು ಕಿತ್ತುಕೊಂಡಿದ್ದ ಸಾಮರ್ಥ್ಯ ಹೆಚ್ಚುಕಡಿಮೆ ಪೂರ್ತಿ ಮರಳಿತು. ಉಸಿರಿನ ದಮ್ಮು ವ್ಯಾಯಾಮ ನಿಲ್ಲಿಸಿದ ಕೆಲವೇ ವಾರಗಳಲ್ಲಿ ಇಳಿಯತೊಡಗುತ್ತದೆ. ಸ್ನಾಯುಬಲ ಇನ್ನಷ್ಟು ಕಾಲ ತಡೆಯುತ್ತದೆ. ಗಳಿಸಲು ಪಟ್ಟ ಪಾಡಿಗಿಂತ ಉಳಿಸಿಕೊಳ್ಳುವ ಪಾಡು ಕಡಿಮೆ ಎಂಬುದು ನೆಮ್ಮದಿಯ ವಿಷಯ. ವಾರಕ್ಕೆ ಆರು ದಿನದ ತರಬೇತಿಯಿಂದ ಪಡೆದ ದಮ್ಮನ್ನು, ತೀವ್ರತೆ ಇಳಿಸದಿದ್ದರೆ, ವಾರಕ್ಕೆ ಎರಡು ದಿನದಲ್ಲಿ ಹಲವು ವಾರ ಕಾಪಾಡಿಕೊಳ್ಳಬಹುದೆಂದು ಪ್ರಯೋಗಗಳು ತೋರಿಸಿವೆ. ಪರೀಕ್ಷೆ, ಬಾಣಂತನ, ಸುಗ್ಗಿ, ವರ್ಗಾವಣೆಗಳ ಕಾಲದಲ್ಲಿ ಪೂರ್ತಿ ಬಿಡುವುದಕ್ಕಿಂತ ಅರೆಬರೆ ಮಾಡುವುದು ಎಷ್ಟು ಲಾಭವೆಂಬುದಕ್ಕೆ ಇದೇ ಆಧಾರ.

ಆದರೂ ಬಿಟ್ಟುಹೋಗುವ ಕಾಲ ಎಲ್ಲರಿಗೂ ಬರುತ್ತದೆ. ಲ್ಯಾಲಿಯವರ ಅಧ್ಯಯನದಲ್ಲಿ ಒಂದು ದಿನ ತಪ್ಪಿಸಿದ್ದರಿಂದ ರೂಢಿ ಕೂರುವ ಕ್ರಿಯೆಗೆ ಹೇಳಿಕೊಳ್ಳುವಂಥ ಧಕ್ಕೆಯೇನೂ ಆಗಲಿಲ್ಲ. ಧಕ್ಕೆ ಮಾಡುವುದು ತಪ್ಪಿದ್ದಕ್ಕೆ ಕೊಟ್ಟುಕೊಳ್ಳುವ ಅರ್ಥ. ಕುಡಿತ ಬಿಟ್ಟವರು ಮತ್ತೆ ಜಾರುವುದನ್ನು ಅಧ್ಯಯನ ಮಾಡಿದ ಅಲನ್ ಮಾರ್ಲಾಟ್ ಇದನ್ನು ಸ್ಪಷ್ಟವಾಗಿ ಗುರುತಿಸಿದ್ದರು. ಒಮ್ಮೆ ಎಡವಿದವರು ‘ನನ್ನಿಂದ ಆಗದು’ ಎಂದು ತೀರ್ಮಾನಿಸಿದಾಗ ಸಣ್ಣ ಜಾರುವಿಕೆ ಪೂರ್ತಿ ಪತನವಾಗುತ್ತದೆ. ಅಯ್ಯಂಗಾರರು ಅರುವತ್ತರ ಆಸುಪಾಸಿನಲ್ಲಿ ಸ್ಕೂಟರ್ ಅಪಘಾತಗಳಿಂದ ಪೆಟ್ಟುತಿಂದಾಗ ದಶಕಗಳ ಅಭ್ಯಾಸ ಹಿಂದಕ್ಕೆ ಬಿತ್ತು. ಸುಲಭದ ಆಸನಗಳಿಂದ ತೊಡಗಿ ಮತ್ತೆ ಮೇಲೆ ಬರಬೇಕಾಯಿತು. ಅಷ್ಟು ಎತ್ತರದಿಂದ ಕೆಳಗಿಳಿದು ಹೊಸಬರಂತೆ ಆರಂಭಿಸಲು ಬೇಕಾಗುವ ಶಿಸ್ತು ನಿತ್ಯ ಬೆಳಗ್ಗೆ ಏಳುವ ಶಿಸ್ತಿಗಿಂತ ಹೆಚ್ಚು ಕಠಿಣ. ವ್ಯಾಯಾಮದ ಪ್ರಚಾರದಲ್ಲಿ ಅದಕ್ಕೆ ಸಿಗುವ ಜಾಗ ಕಡಿಮೆ, ಬಹುಶಃ ಅದರ ಫೋಟೊ ಚೆನ್ನಾಗಿ ಬರುವುದಿಲ್ಲವೆಂದು.

ಶಿಸ್ತು ಅತಿಯಾದಾಗಲೂ ಕೆಡುತ್ತದೆ. ಜ್ವರದಲ್ಲಿ ಓಡುವುದು, ಮಂಡಿನೋವಿನ ಮೇಲೆ ಬಸ್ಕಿ ಹೊಡೆಯುವುದು, ಒಂದು ದಿನ ತಪ್ಪಿದ್ದಕ್ಕೆ ಮರುದಿನ ಎರಡರಷ್ಟು ಮಾಡಿ ದಂಡ ಕಟ್ಟುವುದು ದೃಢತೆಯ ಲಕ್ಷಣಗಳಂತೆ ಕಂಡರೂ ದೇಹ ಅವನ್ನು ಹಾಗೆ ಸ್ವೀಕರಿಸುವುದಿಲ್ಲ. ಸ್ನಾಯು ಬಲಗೊಳ್ಳುವುದು ಶ್ರಮದ ನಂತರದ ವಿಶ್ರಾಂತಿ, ಆಹಾರ, ನಿದ್ದೆಗಳಲ್ಲಿ. ವಿಶ್ರಾಂತಿಯಿಲ್ಲದ ತರಬೇತಿ ದೀರ್ಘವಾದಾಗ ಸಾಮರ್ಥ್ಯ ಇಳಿಯುತ್ತದೆ, ನಿದ್ದೆ ಕೆಡುತ್ತದೆ, ಸಿಡುಕು ಹೆಚ್ಚುತ್ತದೆ.

ಶಿಸ್ತು ಪೂರ್ತಿಯಾಗಿ ವ್ಯಕ್ತಿಯ ಗುಣವೆಂದು ಹೇಳುವುದೂ ಅನ್ಯಾಯ. 2022ರ ಅಂದಾಜಿನಲ್ಲಿ ಭಾರತದ ಗಂಡಸರಲ್ಲಿ ಶೇ 42ರಷ್ಟು ಮಂದಿಗೆ ಸಾಕಷ್ಟು ಚಟುವಟಿಕೆಯಿಲ್ಲದಿದ್ದರೆ, ಹೆಂಗಸರಲ್ಲಿ ಆ ಪ್ರಮಾಣ ಶೇ 57. ಇಡೀ ದೇಶದ ಹೆಂಗಸರಿಗೆ ಇಚ್ಛಾಶಕ್ತಿ ಕಡಿಮೆಯೆಂದು ಇದರಿಂದ ತೀರ್ಮಾನಿಸಲು ಯಾರೂ ಒಪ್ಪಲಾರರು. ಬೆಳಗಿನ ಐದೂವರೆಯಿಂದ ಎಂಟರವರೆಗೆ ತಿಂಡಿ, ಡಬ್ಬಿ, ಶಾಲೆಯ ಬಸ್ಸುಗಳ ನಡುವೆ ಇರುವವರಿಗೆ ಬೆಳಗಿನ ವಾಕಿಂಗ್ ಕುರಿತ ಉಪದೇಶ ಯಾವ ಉಪಯೋಗಕ್ಕೂ ಬರುವುದಿಲ್ಲ. ಕತ್ತಲಾದ ಮೇಲೆ ದೀಪವಿಲ್ಲದ ರಸ್ತೆ, ಬೈಕುಗಳು ಹತ್ತಿ ಬರುವ ಫುಟ್‌ಪಾತ್, ಬೀದಿನಾಯಿ, ಕೊಂಕು ನೋಟಗಳು ಉಳಿದ ಹೊತ್ತನ್ನೂ ಕಿತ್ತುಕೊಳ್ಳುತ್ತವೆ. ನಡೆಯಲು ಯೋಗ್ಯವಾದ ಒಂದು ಕಿಲೊಮೀಟರ್ ಫುಟ್‌ಪಾತ್ ನೂರಾರು ಜನರ ಶಿಸ್ತಿನ ಕೆಲಸವನ್ನು ಹಗುರ ಮಾಡಬಲ್ಲದು. ಮನೆಯಲ್ಲಿ ಅರ್ಧ ಗಂಟೆ ಅಡುಗೆಮನೆಯ ಪಾಳಿ ಬದಲಾದರೂ ಅಷ್ಟೇ.

ವಯಸ್ಸು ಏರಿದಂತೆ ಗುರಿಯೂ ಬದಲಾಗಬೇಕಾಗುತ್ತದೆ. ಇಪ್ಪತ್ತೈದರಲ್ಲಿ ವೇಗ, ತೂಕ, ಕನ್ನಡಿ ಓಡಿಸುತ್ತವೆ. ಮೂವತ್ತರ ನಂತರ ಸ್ನಾಯುರಾಶಿ ನಿಧಾನವಾಗಿ ಕರಗತೊಡಗಿ, ಅರುವತ್ತರ ನಂತರ ಆ ಕರಗುವಿಕೆ ಚುರುಕಾಗುತ್ತದೆ. ಹಳೆಯ ದಾಖಲೆಗಳನ್ನೇ ಅಳತೆಗೋಲಾಗಿ ಇಟ್ಟುಕೊಂಡವರಿಗೆ ಆಗ ಪ್ರತಿ ವರ್ಷವೂ ಸೋಲು. ಆಟಗಾರರಾಗಿದ್ದ ಅನೇಕರು ಮಧ್ಯವಯಸ್ಸಿನಲ್ಲಿ ವ್ಯಾಯಾಮವನ್ನೇ ಬಿಟ್ಟುಬಿಡುವುದಕ್ಕೆ ಇದೂ ಒಂದು ಕಾರಣ. ಯಾವತ್ತೂ ಆಟದ ಬಯಲಿಗೆ ಇಳಿಯದಿದ್ದು ಐವತ್ತರಲ್ಲಿ ಆರಂಭಿಸಿದವರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ: ಅವರ ಅತ್ಯುತ್ತಮ ದಾಖಲೆಗಳು ಇನ್ನೂ ಮುಂದಿವೆ. ಅರುವತ್ತೈದು ದಾಟಿದವರಿಗೆ ವಿಶ್ವ ಆರೋಗ್ಯ ಸಂಸ್ಥೆ ಉಳಿದೆಲ್ಲದರ ಜತೆಗೆ ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಬಲವನ್ನು ಒಟ್ಟಿಗೆ ಬೆಳೆಸುವ ಅಭ್ಯಾಸಗಳನ್ನು ಹೇಳುತ್ತದೆ. ಬೀಳದಿರುವುದೇ ಅವುಗಳ ಮುಖ್ಯ ಉದ್ದೇಶ. ಗೋಡೆ ಹಿಡಿದು ಒಂಟಿಕಾಲಿನಲ್ಲಿ ನಿಲ್ಲುವುದು, ಕೈ ಊರದೆ ಕುರ್ಚಿಯಿಂದ ಏಳುವುದು, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಗೆರೆಯ ಮೇಲೆ ನಡೆಯುವುದು ಇಂಥವಕ್ಕೆ ಜಿಮ್ ಬೇಡ, ಶೂ ಬೇಡ, ಶುಲ್ಕವೂ ಇಲ್ಲ.